ವಿತ್ ದ ಮರೀನ್ಸ್ ಅಟ್ ಟರಾವಾ

ಪೆಸಿಫಿಕ್ ಸಾಗರದ ಗಿಲ್ಬರ್ಟ್ ದ್ವೀಪಗಳಲ್ಲಿ (ಇಂದಿನ ಕಿರಿಬಾಸ್) 1943ರ ನವೆಂಬರ್ 20ರಿಂದ 23ರವರೆಗೆ ನಡೆದ ಟರಾವಾ ಕದನದ ಕಿರು ಸಾಕ್ಷ್ಯಚಿತ್ರ. ಅಮೆರಿಕದ ಮರೀನ್ ಪಡೆಯ ಛಾಯಾಗ್ರಾಹಕರು ಸೈನಿಕರೊಂದಿಗೇ ದಡಕ್ಕಿಳಿದು ಚಿತ್ರೀಕರಿಸಿದರು. ತಂಡದ ಮುಖ್ಯಸ್ಥ ಹಾಲಿವುಡ್ ನಟ ಲೂಯಿಸ್ ಹೇವರ್ಡ್. ಸುಮಾರು 20 ನಿಮಿಷದ ಬಣ್ಣದ ಚಿತ್ರ.

ಕದನ ನಡೆದ ಬೆಟಿಯೊ ನಡುಗಡ್ಡೆಯ ಸುತ್ತ ಅಂದು ನೀರು ಸಾಲದೆ ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಸೈನಿಕರು ಎದೆಮಟ್ಟದ ನೀರಿನಲ್ಲಿ, ಗುಂಡಿನ ಸುರಿಮಳೆಗೆ ಮೈಯೊಡ್ಡಿ ನಡೆದೇ ದಡ ಸೇರಬೇಕಾಯಿತು. ಅವರ ನಡುವೆಯೇ ಕ್ಯಾಮೆರಾ ಹೊತ್ತು ಸಾಗಿದವರು ನಾರ್ಮನ್ ಹ್ಯಾಚ್. ಬಂಕರ್ ಮೇಲಿನ ದಾಳಿಯಲ್ಲಿ ಎರಡೂ ಕಡೆಯವರನ್ನು ಒಂದೇ ಚೌಕಟ್ಟಿನಲ್ಲಿ ಹಿಡಿದ ಅವರ ದೃಶ್ಯ ತೀರಾ ಅಪರೂಪದ್ದು.

ಕದನದಲ್ಲಿ ಸುಮಾರು 1,000 ಅಮೆರಿಕನ್ನರು ಸತ್ತರು. ಜಪಾನಿ ಸೈನಿಕರಲ್ಲಿ ಸೆರೆಸಿಕ್ಕವರು ಬರೀ 17 ಮಂದಿ. ಉಳಿದ ಸೆರೆಯಾಳುಗಳು ಕೊರಿಯಾದ ಕೂಲಿಗಳು. ತೆರೆಗಳಲ್ಲಿ ತೇಲಾಡುವ ಅಮೆರಿಕನ್ ಹೆಣಗಳನ್ನೂ ಚಿತ್ರ ಮರೆಮಾಚುವುದಿಲ್ಲ. ಇದಕ್ಕೆ ಅಧ್ಯಕ್ಷ ರೂಸ್‌ವೆಲ್ಟ್ ಅವರ ಒಪ್ಪಿಗೆಯೇ ಬೇಕಾಯಿತು. ನಿರೂಪಣೆಯದು ಪ್ರಚಾರದ ಧಾಟಿಯೇ ಆದರೂ ಈ ದೃಶ್ಯಗಳು ಆ ಅಬ್ಬರಕ್ಕೆ ಬಗ್ಗುವುದಿಲ್ಲ. 1944ರ ಮಾರ್ಚ್‌ನಲ್ಲಿ ತೆರೆಕಂಡ ಚಿತ್ರಕ್ಕೆ ಮರುವರ್ಷ ಕಿರು ಸಾಕ್ಷ್ಯಚಿತ್ರ ವಿಭಾಗದ ಆಸ್ಕರ್ ಸಂದಿತು.