ಮೋರಿಯರ ಮನೆ, ವಾಲಿಯ ಬೂದಿ: ಗಂಗಾವತಿ ಸೀಮೆಯಲ್ಲಿ ಪ್ರಕೃತಿಯ ಕೆಲಸವೂ ಮನುಷ್ಯನ ಕೆಲಸವೂ

ಗಂಗಾವತಿಯಿಂದ ಆನೆಗೊಂದಿಗೆ ಹೋಗುವವರಿಗೆ ದಾರಿಯ ಎರಡು ಬದಿಗಳಲ್ಲಿಯೂ ಬಂಡೆಗಳ ರಾಶಿಗಳು ಕಾಣುವುವು. ಯಾರೋ ತೂಗಿ ನೋಡಿ ಒಂದರ ಮೇಲೊಂದನ್ನು ಏರಿಸಿಟ್ಟಂತೆ ಅವು ನಿಂತಿವೆ. ವಾಲಿ ಸುಗ್ರೀವರು ಕಾಳಗದಲ್ಲಿ ಎಸೆದಾಡಿದ ಕಲ್ಲುಗಳಿವು ಎಂದು ಜನರು ಹೇಳುವರು. ಹೊಳೆಯ ಆಚೆ, ಹಂಪೆಗೆ ಸಮೀಪದ ನಿಂಬಾಪುರದಲ್ಲಿ ಬೂದಿಯ ದಿಬ್ಬವೊಂದುಂಟು. ಅದು ವಾಲಿಯ ಚಿತಾಭಸ್ಮವೆಂದು ಪ್ರತೀತಿ. ಗಂಗಾವತಿಗೆ ಪಡುವಲಲ್ಲಿರುವ ಹಿರೇಬೆಣಕಲ್ಲಿನ ಗುಡ್ಡದ ಮೇಲೆ ಕಲ್ಲುಚಪ್ಪಡಿಗಳ ಪುಟ್ಟ ಮನೆಗಳು ಸಾಲುಸಾಲಾಗಿ ಇವೆ. ಅವುಗಳಲ್ಲಿ ಮೋರಿಯರೆಂಬ ಕುಬ್ಜರು ವಾಸವಾಗಿದ್ದರೆಂದು ಐತಿಹ್ಯ.

ಈ ಮೂರು ಕಥೆಗಳೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳು: ಇದನ್ನು ಮಾಡಿದವರು ಯಾರು? ಇಂದಿನ ಶಾಸ್ತ್ರದ ಉತ್ತರಗಳು ಬೇರೆಯಾಗಿದ್ದರೂ ಅದು ಕೇಳುವ ಪ್ರಶ್ನೆ ಇದೇ. ಮೂರನ್ನೂ ಒಂದೊಂದಾಗಿ ಪರಿಶೀಲಿಸಿದರೆ ವಿಚಿತ್ರವಾದ ಸಂಗತಿಯೊಂದು ತೋರಿಬರುತ್ತದೆ. ಈ ಸೀಮೆಯಲ್ಲಿ ಕೈಯಿಂದ ಮಾಡಿದಂತೆ ಕಾಣುವುದು ಪ್ರಕೃತಿಯ ಕೆಲಸವಾಗಿರಬಹುದು. ಪ್ರಕೃತಿಸಿದ್ಧವೆಂದು ಕಾಣುವುದು ಮನುಷ್ಯನ ಕೆಲಸವಾಗಿರಬಹುದು.

ಮೊದಲು ಬಂಡೆಗಳು. ರಾಮನಗರದ ಕಡೆಯಿಂದ ಬಡಗಲಿಗೆ ಹಬ್ಬಿರುವ ಬೆಣಚುಕಲ್ಲಿನ ಉದ್ದ ಪಟ್ಟಿಯೊಂದು ಈ ಪ್ರದೇಶದವರೆಗೂ ಬಂದಿದೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದ ಒಳಗೇ ಇದ್ದಾಗ ಈ ಕಲ್ಲು ನೇರವಾದ ಬಿರುಕುಗಳಿಂದ ಸೀಳಿ ಚೌಕ ಚೌಕವಾಯಿತು. ಬಿರುಕುಗಳಲ್ಲಿ ನೀರಿಳಿದು ಅಂಚುಗಳನ್ನೂ ಮೂಲೆಗಳನ್ನೂ ಮೊದಲು ಕೊಳೆಯಿಸಿತು. ಕೊಳೆತ ಭಾಗವು ಮಣ್ಣಾಗಿ ಮಳೆಯಲ್ಲಿ ಕೊಚ್ಚಿಹೋಗಲು ಒಳಗಿನ ಗಟ್ಟಿಯಾದ ತಿರುಳು ದುಂಡುಗುಂಡಾಗಿ ಇದ್ದಲ್ಲಿಯೇ ಉಳಿಯಿತು. ಯಾರೂ ಎತ್ತಿಡಲಿಲ್ಲ, ಯಾರೂ ಎಸೆಯಲಿಲ್ಲ.

ಎರಡನೆಯದು ಬೂದಿಯ ದಿಬ್ಬ. ಇಂತಹ ದಿಬ್ಬಗಳು ಬಳ್ಳಾರಿ, ರಾಯಚೂರು, ಸುರಪುರದ ಸೀಮೆಗಳಲ್ಲಿ ಹಲವೆಡೆ ಇವೆ. ಬಳ್ಳಾರಿಯ ಬಳಿಯ ಕುಡತಿನಿಯ ದಿಬ್ಬವನ್ನು ಭೀಮನು ಕೊಂದ ಹಿಡಿಂಬಾಸುರನ ಬೂದಿಯೆನ್ನುವರು. ವಿದ್ವಾಂಸರೂ ಬಹುಕಾಲ ಒಮ್ಮತಕ್ಕೆ ಬರಲಿಲ್ಲ. ಕರಗಿ ಗಾಜಿನಂತಾದ ಅದರ ಗಟ್ಟಿಗಳನ್ನು ಕಂಡು ಜ್ವಾಲಾಮುಖಿಯ ಉತ್ಪನ್ನವೆಂದು ಕೆಲವರು, ಕಬ್ಬಿಣದ ಕುಲುಮೆಯ ಕಿಟ್ಟವೆಂದು ಕೆಲವರು ಊಹಿಸಿದರು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು ಇದು ದನದ ಸಗಣಿಯ ಬೂದಿಯೆಂದು ಹೇಳಿದನು. ಆಲ್ಚಿನ್ ಎಂಬ ವಿದ್ವಾಂಸನು 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ದಿಬ್ಬವನ್ನು ಅಗೆದಾಗ ಬೇಲಿಯ ಗೂಟಗಳ ಕುಳಿಗಳೂ, ಅವುಗಳ ಒಳಗೆ ದನಗಳ ಗೊರಸಿನ ಗುರುತುಗಳೂ ದೊರೆತುವು. ದೊಡ್ಡಿಯಲ್ಲಿ ವರ್ಷಗಟ್ಟಲೆ ಕೂಡಿದ ಸಗಣಿಗೆ ಆಗಾಗ ಬೆಂಕಿಯಿಡುತ್ತಿದ್ದುದರಿಂದ ಈ ದಿಬ್ಬಗಳು ಬೆಳೆದುವು. ಸುರಪುರ ಸೀಮೆಯ ಬೂದಿಹಾಳದಲ್ಲಿ ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ ದನದ ದೊಡ್ಡಿಯ ಪಕ್ಕದಲ್ಲಿಯೇ ಜನವಸತಿಯೂ ಕಂಡುಬಂದಿತು. ಕ್ರಿ. ಪೂ. 3000ದಿಂದ ಮುಂದಿನ ಒಂದೂವರೆ ಎರಡು ಸಾವಿರ ವರ್ಷಗಳ ಕಾಲದ ನವಶಿಲಾಯುಗದ ಗೋಪಾಲಕರ ಗುರುತುಗಳಿವು. ಇಲ್ಲಿ ಗುಡ್ಡವೆಂದು ತೋರುವುದು ಮನುಷ್ಯನ ಬೂದಿ. ಅಲ್ಲಿ ಕಟ್ಟಡವೆಂದು ತೋರುವುದು ಪ್ರಕೃತಿಯ ಗುಡ್ಡ.

ಆ ಜನರು ನೆಲದ ಮೇಲೆ ಮಾತ್ರವೇ ತಮ್ಮ ಗುರುತನ್ನು ಬಿಡಲಿಲ್ಲ. ಅವರ ನೆಲೆಗಳಲ್ಲಿ ಸುಟ್ಟ ಹುರುಳಿ, ಹೆಸರು, ಕೊರಲೆ ಕಾಳುಗಳು ದೊರೆತಿವೆ. ಕಾಡುಹುರುಳಿಯ ಬೀಜಕ್ಕೆ ದಪ್ಪನೆಯ ಸಿಪ್ಪೆಯುಂಟು. ಬೀಜವು ನೆಲದಲ್ಲಿ ಕಾಲವರಿತು ಮೊಳೆಯಲು ಅದೇ ರಕ್ಷೆ. ಮನುಷ್ಯನು ಬಿತ್ತಿ ಕೊಯ್ದು ಮತ್ತೆ ಬಿತ್ತಲು, ಕೂಡಲೆ ಮೊಳೆಯುವ ತೆಳುಸಿಪ್ಪೆಯ ಬೀಜಗಳೇ ತಲೆಮಾರಿನಿಂದ ತಲೆಮಾರಿಗೆ ಉಳಿದುವು. ದಕ್ಷಿಣದ ಪ್ರಾಚೀನ ನೆಲೆಗಳಲ್ಲಿ ದೊರೆತ ಹುರುಳಿಕಾಳುಗಳನ್ನು ಸೂಕ್ಷ್ಮಕಿರಣಗಳಿಂದ ಪರೀಕ್ಷಿಸಿ ಸಿಪ್ಪೆಯು ತೆಳ್ಳಗಾದುದನ್ನು 2017ರಲ್ಲಿ ವಿದ್ವಾಂಸರು ತೋರಿಸಿರುವರು. ಡಾರ್ವಿನ್ನನು ವಿವರಿಸಿದ ಆಯ್ಕೆಯ ನಿಯಮವನ್ನು ನಮ್ಮ ಒಕ್ಕಲಿಗರು ಅದರ ಹೆಸರನ್ನರಿಯದೆಯೇ ನಡೆಸಿದರು. ಕುಷ್ಟಗಿ, ಯಲಬುರ್ಗಿಗಳ ಬೆದ್ದಲುಹೊಲಗಳಲ್ಲಿ ಇಂದು ಬೆಳೆಯುವ ಹುರುಳಿಯೂ ಅರ್ಧ ಪ್ರಕೃತಿಯ ಕೃತಿ, ಅರ್ಧ ಮನುಷ್ಯನ ಕೃತಿ.

ಇನ್ನು ಹಿರೇಬೆಣಕಲ್ಲು. ಇಲ್ಲಿ ಎರಡು ಕೈಗಳೂ ಒಂದರಲ್ಲೊಂದು ಬೆರೆತಿವೆ. ಗುಡ್ಡದ ಮೇಲೆ 400ಕ್ಕೂ ಹೆಚ್ಚು ಬೃಹತ್ ಶಿಲಾ ರಚನೆಗಳುಂಟು. ಅವುಗಳಲ್ಲಿ ಬಹುಭಾಗ ಕಬ್ಬಿಣದ ಯುಗಕ್ಕೆ, ಸುಮಾರಾಗಿ ಕ್ರಿ. ಪೂ. 800ರಿಂದ 200ರ ಕಾಲಕ್ಕೆ ಸೇರಿದುವೆಂದು ಎಣಿಕೆ. ಮೂರು ಕಡೆ ಚಪ್ಪಡಿಗಳನ್ನು ನಿಲ್ಲಿಸಿ, ನಾಲ್ಕನೆಯ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ ಕೊರೆದು, ಮೇಲೆ ಮತ್ತೊಂದನ್ನು ಹೊದಿಸಿದ ಮನೆಗಳು ಇವುಗಳಲ್ಲಿ ಮುಖ್ಯವಾದುವು. ಕೆಲವು ಆಳಿಗಿಂತ ಎತ್ತರ. ಈ ಬೆಣಚುಕಲ್ಲು ಬಿಸಿಲು ಮಳೆಗೆ ಪದರು ಪದರಾಗಿ ಏಳುವ ಸ್ವಭಾವದ್ದು. ಪ್ರಕೃತಿಯು ಬಿಡಿಸಲು ತೊಡಗಿದ್ದ ಪದರನ್ನು ಜನರು ಬೇರೆಮಾಡಿಕೊಂಡರು. ನೀರು ನಿಲ್ಲುವ ಕಲ್ಲುಕುಳಿಗಳು ಚಪ್ಪಡಿ ತೆಗೆದಂತೆಲ್ಲ ಹಿಗ್ಗಿ ಕೊಳಗಳಾದುವು. ಈ ಸೀಮೆಯ ನೆಲವನ್ನು ಸಮೀಕ್ಷಿಸಿದ ಆಂಡ್ರೂ ಬಾವರ್ ಎಂಬ ವಿದ್ವಾಂಸನು ಇಂತಹ ನೀರಿನ ತಾಣಗಳನ್ನು ಜನರು ತಿದ್ದಿ ಬೆಳೆಯಿಸಿದುದನ್ನು ಗಮನಕ್ಕೆ ತಂದಿರುವನು. ಸತ್ತವರಿಗೆ ಮನೆ ಕಟ್ಟಿದ ಕಲ್ಲುಗಣಿಯೇ ಬದುಕಿರುವವರಿಗೂ ದನಗಳಿಗೂ ನೀರಾಯಿತು. ಎತ್ತರದ ಬಂಡೆಯೊಂದರ ಮೇಲೆ ಅರೆಗೋಳಾಕಾರದ ನಗಾರಿ ಕಲ್ಲುಂಟು. ಬಡಿದರೆ ಅದರ ನಾದವು ದೂರಕ್ಕೆ ಕೇಳುವುದು.

ಮೋರಿಯರ ಮಾತು ಏನು? ಹತ್ತೊಂಬತ್ತನೆಯ ಶತಮಾನದಲ್ಲಿ ಸುರಪುರದಲ್ಲಿ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನು ಇಂತಹ ಮನೆಗಳನ್ನು ಯೂರೋಪಿನ ಸಮಾಧಿಗಳೊಡನೆ ಹೋಲಿಸಿದುದಲ್ಲದೆ ಮೋರಿಯರ ಐತಿಹ್ಯವನ್ನೂ ಕೇಳಿದ್ದನು. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ 1931ರಲ್ಲಿ ಅಶೋಕನ ಶಾಸನಗಳು ದೊರೆತುದರಿಂದ ಮೋರಿಯ ಶಬ್ದವನ್ನು ಮೌರ್ಯರಿಗೆ ಜೋಡಿಸಲು ಮನಸ್ಸು ಎಳೆಯುವುದು ಸಹಜ. ಪಾಲಿಯಲ್ಲಿ ಮೌರ್ಯರು ಮೋರಿಯರೇ ಸರಿ. ಆದರೆ ಈ ಮನೆಗಳಲ್ಲಿ ಹಲವು ಮೌರ್ಯರಿಗಿಂತ ಹಳೆಯವು, ಶಬ್ದಸಾಮ್ಯವೊಂದೇ ಪ್ರಮಾಣವಾಗಲಾರದು.

ಕುಬ್ಜರ ಕಲ್ಪನೆಯೂ ನಗತಕ್ಕುದಲ್ಲ. ನಮಗಿಂತ ಮೊದಲು ಬೇರೆ ಬಗೆಯ ಮಾನವರಿದ್ದು ಅಳಿದುಹೋದರೆಂಬ ಭಾವನೆ ಅದರಲ್ಲಿ ಅಡಗಿದೆ. ಜೀವವಿಕಾಸ ಶಾಸ್ತ್ರವು ಹೇಳುವುದೂ ಇದನ್ನೇ. ಇಂಡೊನೇಷಿಯದ ಫ್ಲೋರೆಸ್ ದ್ವೀಪದಲ್ಲಿ 2003ರಲ್ಲಿ ಮೂರೂವರೆ ಅಡಿಯಷ್ಟು ಎತ್ತರದ ಬೇರೊಂದು ಮಾನವಜಾತಿಯ ಎಲುಬುಗಳು ಸಿಕ್ಕಿದುವು. ಆದರೆ ಅವರ ಕಾಲ 50,000 ವರ್ಷಗಳಿಗೂ ಹಿಂದಿನದು. ಎರಡು ಮೂರು ಸಾವಿರ ವರ್ಷಗಳಲ್ಲಿ ಮಾನವಜಾತಿಯೊಂದು ಬೇರೆಯಾಗಿ ಮೂಡಿ ಅಳಿಯುವಂತಿಲ್ಲ. ದಕ್ಷಿಣದ ಇಂತಹ ಸಮಾಧಿಗಳಲ್ಲಿ ಆಯ್ದ ಎಲುಬುಗಳನ್ನು ಮಾತ್ರ ತಂದಿರಿಸುವ ವಾಡಿಕೆ ಹಲವೆಡೆ ಕಂಡಿದೆ. ಆದುದರಿಂದ ಕಿಂಡಿ ಚಿಕ್ಕದೆಂದು ಮನುಷ್ಯನೂ ಚಿಕ್ಕವನೆನ್ನಲಾಗದು. ಮೋರಿಯರು ನಮ್ಮಂಥವರೇ, ಬಹುಶಃ ನಮ್ಮವರೇ.

ಅವರು ತೊಡಗಿದ ಕೆಲಸವು ನಿಂತಿಲ್ಲ. ವಿಜಯನಗರದ ಕಾಲದಲ್ಲಿ ಹೊಳೆಗೆ ಅಣೆಕಟ್ಟುಗಳನ್ನು ಹಾಕಿ ಆನೆಗೊಂದಿಯ ಗದ್ದೆಗಳಿಗೆ ಕಾಲುವೆ ತಂದರು. 1945ರಲ್ಲಿ ಶಂಕುಸ್ಥಾಪನೆಯಾಗಿ 1953ರಲ್ಲಿ ನೀರು ಕೊಡಲು ತೊಡಗಿದ ತುಂಗಭದ್ರಾ ಜಲಾಶಯದಿಂದ ಗಂಗಾವತಿಯು ಬತ್ತದ ಕಣಜವಾಯಿತು. ಮೊದಲು ಸುಮಾರು 133 ಟಿ.ಎಂ.ಸಿ. ಅಡಿ ನೀರು ಹಿಡಿಯುತ್ತಿದ್ದ ಆ ಜಲಾಶಯವು ಹೂಳು ತುಂಬಿ ಸುಮಾರು 105ಕ್ಕೆ ಇಳಿದಿರುವುದನ್ನು 2016ರ ಸಮೀಕ್ಷೆ ತೋರಿಸಿತು. ನೀರು ಹೆಚ್ಚಾಗಿ ನಿಂತ ತಗ್ಗುಭೂಮಿಗಳು ಸವಳಾಗಿವೆ. ಹಿಂದಿನವರು ಬಿಟ್ಟುದು ಬೂದಿಯ ದಿಬ್ಬ, ಕಲ್ಲಿನ ಕೊಳ. ನಾವು ಬಿಡುತ್ತಿರುವುದು ಹೂಳು, ಸವಳು. ನೆಲವನ್ನು ಮಾರ್ಪಡಿಸುವುದು ಮನುಷ್ಯನಿಗೆ ಹೊಸತಲ್ಲ. ಮಾರ್ಪಾಟಿನ ವೇಗವೂ ಗಾತ್ರವೂ ಹೊಸತು.

ಇದನ್ನು ಓದಿ ತಿಳಿಯಬೇಕಾದ ಪುಟಗಳೇ ಈಗ ಹರಿಯುತ್ತಿವೆ. ಬೂದಿದಿಬ್ಬಗಳ ಮಣ್ಣನ್ನು ಗೊಬ್ಬರಕ್ಕೆಂದು ಹೊಲಗಳಿಗೆ ಸಾಗಿಸಿದ್ದುಂಟು. ಬಳ್ಳಾರಿಯ ಬಳಿಯ ಕುಪ್ಪಗಲ್ಲಿನ ಪ್ರಾಚೀನ ಗುಡ್ಡವು ಕಲ್ಲುಗಣಿಗಳಿಂದ ಹಾನಿಗೊಂಡಿತು. ಹಿರೇಬೆಣಕಲ್ಲು 2021ರಲ್ಲಿ ವಿಶ್ವಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿತೆಂಬುದು ಸಮಾಧಾನದ ಸಂಗತಿ. ಆದರೆ ಪಟ್ಟಿಯಿಂದಲೇ ಗುಡ್ಡವು ಉಳಿಯುವುದಿಲ್ಲ. ವಾಲಿಯ ಕಥೆ, ಮೋರಿಯರ ಕಥೆಗಳು ಶಾಸ್ತ್ರದ ದೃಷ್ಟಿಯಲ್ಲಿ ನಿಲ್ಲದಿರಬಹುದು. ಆದರೂ ಈ ಬೂದಿಯನ್ನು ಬರಿಯ ಮಣ್ಣೆಂದೂ ಈ ಕಲ್ಲನ್ನು ಬರಿಯ ಕಲ್ಲೆಂದೂ ಬಗೆಯದಂತೆ ಶತಮಾನಗಳ ಕಾಲ ಜನರನ್ನು ತಡೆದುದು ಅವೇ. ಕಥೆಯನ್ನು ಕಳೆದುಕೊಂಡವರಿಗೆ ಚರಿತ್ರೆಯನ್ನು ಕೊಡುವ ಭಾರವು ಈಗ ನಮ್ಮ ಶಾಲೆಗಳ ಅಧ್ಯಾಪಕರ ಮೇಲೂ ವಿದ್ವಾಂಸರ ಮೇಲೂ ಬಿದ್ದಿದೆ.