ಸೆಲೂಸ್ ಕೊಂಡ 4 ಬೋರ್ ಕೋವಿ

ಇವತ್ತು ಆನೆ ಬೇಟೆಯ ಕೋವಿ ಮತ್ತು ಅದರ ಒದೆತದ ಕತೆ. 1871ರಲ್ಲಿ ದಕ್ಷಿಣ ಆಫ್ರಿಕಾಕ್ಕೆ ಬಂದಿಳಿದಾಗ ಫ್ರೆಡರಿಕ್ ಸೆಲೂಸ್‌ಗೆ ಬರೀ 19 ವರ್ಷ. ತಂದಿದ್ದ ಒಳ್ಳೇ ರೈಫಲ್ ಕಳವಾಯ್ತು. ಕೊನೆಗೆ ಅಗ್ಗಕ್ಕೆ ಸಿಕ್ಕಿದ್ದು 4 ಬೋರ್ ಕೋವಿಗಳು.

4 ಬೋರ್ ಅಂದ್ರೆ ಒಂದು ಪೌಂಡ್ ಸೀಸಕ್ಕೆ ನಾಲ್ಕೇ ಗುಂಡು, ಒಂದೊಂದೂ ಸುಮಾರು 113 ಗ್ರಾಂ. ಅಂಕಿ ಚಿಕ್ಕದಾದಷ್ಟೂ ಗುಂಡು ದೊಡ್ಡದು, ನೋಡಿ! ಇಂಥ ಗುಂಡಿನ ಒದೆತ ತಗ್ಗಬೇಕಾದ್ರೆ ಕೋವಿಯೇ ಭಾರ ಇರಬೇಕು. ಸ್ಯಾಮ್ಯುಯೆಲ್ ಬೇಕರ್‌ನ ದೈತ್ಯ ರೈಫಲ್ ಸುಮಾರು 9 ಕೆಜಿ ತೂಗ್ತಿತ್ತು; ಆದರೂ ಅದನ್ನು ಹಾರಿಸೋಕೆ ಅವನೇ ಹೆದರ್ತಿದ್ದ. ಸೆಲೂಸ್‌ನದು 6 ಕೆಜಿ ಆಸುಪಾಸು. ಮದ್ದನ್ನೋ, ಚೀಲದಿಂದ ಕೈಯಲ್ಲೇ ಬಾಚಿ ಸುರಿಯೋದು. ಅಳತೆ ಎಲ್ಲಿಂದ ಬರಬೇಕು?

ಒಮ್ಮೆ ಕೋವಿ ಹಾರಲಿಲ್ಲ. ಕೋವಿ ಹೊರುವವನು ಮೊದಲ ಮದ್ದಿನ ಮೇಲೇ ಇನ್ನೊಂದು ಸಲ ತುಂಬಿಕೊಟ್ಟ. ಸೆಲೂಸ್ ಕುದುರೆ ಎಳೆದ. ಅವನೇ ನೆಲ ಬಿಟ್ಟು ಹಾರಿಬಿದ್ದ, ಕೋವಿ ಹೆಗಲ ಮೇಲಿಂದ ಹಿಂದಕ್ಕೆ ಹೋಯ್ತು.

1872ರಿಂದ 1874ರೊಳಗೆ 78 ಆನೆ ಕೊಂದ. ಲೆಕ್ಕ ನೋಡಿದ್ರೆ ಕೋವಿ ಗೆದ್ದ ಹಾಗೇ ಕಾಣುತ್ತೆ. ನನಗೇನೋ ಹಾಗನ್ನಿಸಲ್ಲ. ಆ ಒದೆತ ತನ್ನ ನರಗಳನ್ನೇ ಕೆಡಿಸಿತು, ಆ ಕೋವಿಗಳನ್ನು ಮುಟ್ಟಲೇಬಾರದಿತ್ತು ಅಂತ ಅವನೇ ಬರೆದುಕೊಂಡ. ಆಮೇಲೆ ಚಿಕ್ಕ ಗುಂಡಿನ 10 ಬೋರ್‌ಗೆ ಬದಲಾದ.