ಕೋಟೆಯಿಲ್ಲದ ಕಂದಕ

ಹಳಗನ್ನಡ ಕಾವ್ಯದ ಯುದ್ಧವರ್ಣನೆಯನ್ನು ಪಾಠ ಹೇಳುತ್ತಿದ್ದಾಗ ಒಮ್ಮೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. “ಸಾರ್, ಕಂದಕವೆಂದರೆ ಕೋಟೆಯ ಸುತ್ತ ತೋಡಿದ್ದಲ್ಲವೆ? ಮೊದಲನೆಯ ಮಹಾಯುದ್ಧವನ್ನು ಕಂದಕಗಳ ಯುದ್ಧ ಎನ್ನುತ್ತಾರಲ್ಲ, ಅಲ್ಲಿ ಕೋಟೆ ಎಲ್ಲಿತ್ತು?” ಎಂದು ಕೇಳಿದ. ತರಗತಿ ನಕ್ಕಿತು, ನನಗೆ ನಗು ಬರಲಿಲ್ಲ. ನಮ್ಮ ಕಂದಕ ಊರನ್ನು ಕಾಯುತ್ತಿತ್ತು. ಯೋಧನು ಅದರೊಳಗಿಳಿದು ಬಾಳುತ್ತಿರಲಿಲ್ಲ. ಫ್ರಾನ್ಸ್, ಬೆಲ್ಜಿಯಂಗಳ ನೆಲದಲ್ಲಿ ಕಂದಕವೇ ಊರಾಯಿತು. ಎಷ್ಟೋ ಮಂದಿಗೆ ಅದೇ ಗೋರಿಯೂ ಆಯಿತು. ಅಂದು ಗಂಟೆ ಹೊಡೆದುದರಿಂದ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಮುಗಿಸುತ್ತೇನೆ.

ಯುದ್ಧ ಹೂಡಿದವರ ಮನಸ್ಸಿನಲ್ಲಿ ಕಂದಕವಿರಲಿಲ್ಲ. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಆಸ್ಟ್ರಿಯದ ಯುವರಾಜ ಫ್ರಾನ್ಸ್ ಫರ್ಡಿನೆಂಡ್ ಗುಂಡಿಗೆ ಬಲಿಯಾದ. ಆರೇಳು ವಾರಗಳೊಳಗೆ ಯೂರೋಪಿನ ಐದು ದೊಡ್ಡ ರಾಜ್ಯಗಳು ಕಾಳಗಕ್ಕಿಳಿದವು. ಬೆಲ್ಜಿಯಂ ಮೂಲಕ ನುಗ್ಗಿ, ಸುಮಾರು ಆರು ವಾರಗಳಲ್ಲಿ ಫ್ರಾನ್ಸನ್ನು ಮುರಿದು, ಆಮೇಲೆ ರಷ್ಯದತ್ತ ತಿರುಗುವುದು ಜರ್ಮನರ ಎಣಿಕೆ. ಸೆಪ್ಟೆಂಬರಿನಲ್ಲಿ ಮಾರ್ನ್ ನದಿಯ ಬಳಿ ಆ ಎಣಿಕೆ ಮುರಿದುಬಿತ್ತು. ಹಿಂದೆ ಸರಿದ ಜರ್ಮನರು ಏನ್ ನದಿಯ ದಿಬ್ಬಗಳಲ್ಲಿ ನೆಲ ತೋಡಿ ಕುಳಿತರು; ಎದುರಾಳಿಗಳೂ ತೋಡಿದರು. ಒಬ್ಬರ ಪಕ್ಕೆಯನ್ನು ಒಬ್ಬರು ಬಳಸಿ ಹೋಗಲು ಯತ್ನಿಸುತ್ತ ಇಬ್ಬರೂ ಸಮುದ್ರವನ್ನು ಮುಟ್ಟಿದರು. ವರ್ಷ ಮುಗಿಯುವ ವೇಳೆಗೆ ಉತ್ತರ ಸಮುದ್ರದಿಂದ ಸ್ವಿಟ್ಜರ್ಲೆಂಡಿನ ಗಡಿಯವರೆಗೆ ಸುಮಾರು 440 ಮೈಲಿ ಉದ್ದದ ಗೆರೆ ಬಿದ್ದಿತ್ತು. 1917ರಲ್ಲಿ ಜರ್ಮನರು ಒಂದೆಡೆ ತಾವಾಗಿಯೇ ಹಿಂದೆ ಸರಿದದ್ದನ್ನು ಬಿಟ್ಟರೆ, ಮೂರು ವರ್ಷಕ್ಕೂ ಮಿಕ್ಕಿ ಆ ಗೆರೆ ಹೇಳಿಕೊಳ್ಳುವಷ್ಟು ಅಲುಗಲಿಲ್ಲ.

ಇದಕ್ಕೆ ಕಾರಣ ಶೌರ್ಯದ ಕೊರತೆಯಲ್ಲ. ಒಂದು ಮಷೀನ್‌ಗನ್ನು ನಿಮಿಷಕ್ಕೆ ನೂರಾರು ಗುಂಡು ಉಗುಳುತ್ತಿತ್ತು. ಅದರ ಮುಂದೆ ಮುಳ್ಳುತಂತಿಯ ಪೊದೆ. ಹೇಗೋ ಒಂದು ಕಡೆ ಬಿರುಕು ಮಾಡಿದರೂ, ನುಗ್ಗುವವನು ಫಿರಂಗಿ ಉತ್ತ ಕೆಸರಿನಲ್ಲಿ ಕಾಲೆಳೆಯಬೇಕು. ಕಾಯುವವನಿಗೆ ಹೊಸ ಸೈನ್ಯ ಹಿಂದಿನಿಂದ ರೈಲಿನಲ್ಲಿ ಬರುತ್ತಿತ್ತು. ಟೆಲಿಫೋನ್ ತಂತಿ ಸಿಡಿಗುಂಡಿಗೆ ತುಂಡಾದರೆ, ಮುಂದೆ ನಡೆದದ್ದು ಹಿಂದಿನ ಸೇನಾಪತಿಗೆ ತಿಳಿಯುತ್ತಿರಲಿಲ್ಲ. ಈ ಮುಳ್ಳುತಂತಿಯ ಕತೆಯಲ್ಲಿ ನಮ್ಮ ಬೆಂಗಳೂರಿನ ಹೆಸರೂ ಇದೆ. ಇಲ್ಲಿನ ಮದ್ರಾಸ್ ಸ್ಯಾಪರ್ಸ್ ದಳದ ಮೆಕ್‌ಕ್ಲಿಂಟಾಕ್ ಎಂಬ ಅಧಿಕಾರಿ 1912ರಲ್ಲಿ, ಕೊಳವೆಯಲ್ಲಿ ಸಿಡಿಮದ್ದು ತುಂಬಿ, ತಂತಿಯಡಿ ತಳ್ಳಿ ಸಿಡಿಸುವ ಸಾಧನವನ್ನು ರೂಪಿಸಿದ. ‘ಬೆಂಗಳೂರು ಟಾರ್ಪೆಡೊ’ ಎಂಬ ಹೆಸರಿನಿಂದ ಅದು ಮಹಾಯುದ್ಧಕ್ಕೆ ಹೋಯಿತು. ಅದು ತಂತಿಯನ್ನು ಕತ್ತರಿಸಿತು. ತಂತಿಯ ಹಿಂದಿನ ಮಷೀನ್‌ಗನ್ನಿನ ಬಾಯಿ ಮುಚ್ಚಿಸಲು ಅದರಿಂದಾಗಲಿಲ್ಲ.

ಹೀಗೆ ತೊಡಕಿಗೆ ಸಿಕ್ಕ ಬುದ್ಧಿ ಕ್ರೌರ್ಯದತ್ತ ತಿರುಗಿತು. 1915ರ ಏಪ್ರಿಲ್ 22ರಂದು ಈಪ್ರ್ ಬಳಿ ಜರ್ಮನರು ಕ್ಲೋರಿನ್ ವಿಷವಾಯುವನ್ನು ಗಾಳಿಗೆ ಬಿಟ್ಟರು. ಅದೇ ಮಾರ್ಚಿನಲ್ಲಿ ನವ್ ಶಪೆಲ್ ಎಂಬಲ್ಲಿ ಭಾರತೀಯ ಸಿಪಾಯಿಗಳು ಹೋರಾಡಿ ಮಡಿದಿದ್ದರು. ಅಲ್ಲಿನ ಸ್ಮಾರಕದಲ್ಲಿ ನಮ್ಮವರ ಹೆಸರುಗಳು 4,700ಕ್ಕೂ ಹೆಚ್ಚು. 1916ರ ಫೆಬ್ರವರಿ 21ರಂದು ಆರಂಭವಾದ ವರ್ಡನ್ ಕದನ ಡಿಸೆಂಬರ್ 18ಕ್ಕೆ ಮುಗಿದಾಗ ಎರಡೂ ಕಡೆ ಸತ್ತವರು ಸುಮಾರು 3 ಲಕ್ಷ. ಗೆರೆ ಹೆಚ್ಚುಕಡಮೆ ಇದ್ದಲ್ಲೇ ಇತ್ತು.

ನಡುವೆ ಸೊಮ್ ಕದನ. ಬ್ರಿಟಿಷರು ಒಂದು ವಾರ 15 ಲಕ್ಷ ಸಿಡಿಗುಂಡು ಸುರಿಸಿದರು. ಇನ್ನು ಅಲ್ಲಿ ಇಲಿಯೂ ಉಳಿದಿರಲಾರದೆಂದು ನಂಬಿ, ಜುಲೈ 1ರ ಬೆಳಿಗ್ಗೆ ಅನೇಕ ಕಡೆ ಸಾಲುಗಟ್ಟಿ ನಡೆದೇ ಮುಂದುವರಿದರು. ಆಳವಾದ ನೆಲಮಾಳಿಗೆಗಳಿಂದ ಜರ್ಮನರು ಮಷೀನ್‌ಗನ್ನು ಹೊತ್ತು ಮೇಲೆ ಬಂದರು. ಆ ಒಂದೇ ದಿನ ಬ್ರಿಟಿಷರಿಗಾದ ನಷ್ಟ 57,470. ಅವರಲ್ಲಿ ಸತ್ತವರು 19,240. ನವೆಂಬರಿನವರೆಗೆ ಎಳೆದ ಆ ಕದನದಲ್ಲಿ ದಕ್ಕಿದ ನೆಲ ಹೆಚ್ಚೆಂದರೆ ಆರೇಳು ಮೈಲಿ. ಎರಡೂ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು 10 ಲಕ್ಷಕ್ಕೆ ಮೇಲೆ.

1918ರ ಮಾರ್ಚಿನಲ್ಲಿ ಜರ್ಮನರು ಕೊನೆಗೂ ಗೆರೆಯನ್ನು ಮುರಿದರು, ಮುರಿದು ಬಳಲಿದರು. ಅಮೆರಿಕದ ಹೊಸ ಸೈನ್ಯವೂ ಟ್ಯಾಂಕುಗಳೂ ಬಂದವು. ನವೆಂಬರ್ 11ರ ಹನ್ನೊಂದು ಗಂಟೆಗೆ ಫಿರಂಗಿಗಳು ನಿಂತವು. ಸತ್ತ ಸೈನಿಕರು 90 ಲಕ್ಷಕ್ಕೂ ಮೇಲೆ. ರಷ್ಯ, ಜರ್ಮನಿ, ಆಸ್ಟ್ರಿಯ, ತುರ್ಕಿ ಎಂಬ ನಾಲ್ಕು ಸಾಮ್ರಾಜ್ಯಗಳು ಅಳಿದವು. 1919ರ ವರ್ಸೇಲ್ಸ್ ಒಪ್ಪಂದ ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿತು. ಇಪ್ಪತ್ತು ವರ್ಷಕ್ಕೆ ಯುದ್ಧ ಮತ್ತೆ ಹೊತ್ತಿತು. ಇಂದಿಗೂ ಆ ಬಯಲಿನ ರೈತನ ನೇಗಿಲಿಗೆ ಸಿಡಿಯದ ಗುಂಡುಗಳು ಸಿಕ್ಕುತ್ತವೆ.

ನಮ್ಮ ಹಳ್ಳಿಗಳ ವೀರಗಲ್ಲುಗಳನ್ನು ಕಂಡಾಗಲೆಲ್ಲ ನನಗೆ ಈ ಯುದ್ಧದ ನೆನಪಾಗುತ್ತದೆ. ಕೆಳಗೆ ಕಾದುವ ವೀರ, ನಡುವೆ ಅವನನ್ನೊಯ್ಯುವ ಅಪ್ಸರೆಯರು, ಮೇಲೆ ಶಿವಸಾನ್ನಿಧ್ಯ. ತುರು ಕಾಯ್ದು ಸತ್ತವನಿಗೂ ಒಂದು ಕಲ್ಲು, ಒಂದು ರೂಪ. ಸೊಮ್ ಬಯಲಿನ ತಿಯೆಪ್ವಾಲ್‌ನಲ್ಲಿ 1932ರಲ್ಲಿ ನಿಂತ ಕಮಾನಿನಲ್ಲಿ 72,000ಕ್ಕೂ ಹೆಚ್ಚು ಹೆಸರುಗಳನ್ನು ಕೆತ್ತಿದರು. ಸಮಾಧಿ ಗುರುತಿಲ್ಲದವರ ಹೆಸರುಗಳವು. ಲಂಡನ್ನಿನಲ್ಲೂ ಪ್ಯಾರಿಸ್ಸಿನಲ್ಲೂ ಗೌರವದಿಂದ ಹೂಳಿದ ಯೋಧನಿಗೆ ಹೆಸರೂ ಇಲ್ಲ. ವೀರಗಲ್ಲಿಗೆ ವೀರನ ಕೃತ್ಯ ಬೇಕು. ಮೈಲಿಗಟ್ಟಲೆ ದೂರದಿಂದ ಬಂದ ಗುಂಡಿಗೆ ಮಣ್ಣಾದವನ ಕೃತ್ಯವೆಂದು ಯಾವ ಶಿಲ್ಪಿ ಏನನ್ನು ಕೆತ್ತಬೇಕು?

ಕೋಟೆ ಎಲ್ಲಿತ್ತು ಎಂದು ಕೇಳಿದ ಹುಡುಗ ಈಗ ಎಲ್ಲಿರುವನೋ. ಅಪ್ಪಾ, ಅಲ್ಲಿ ಕೋಟೆ ಇರಲಿಲ್ಲ. ನಾಲ್ಕು ವರ್ಷ ಎರಡೂ ಕಡೆಯವರು ಪ್ರಾಣ ಕೊಟ್ಟು ಕಾಯುತ್ತಿದ್ದದ್ದು ತಾವೇ ತೋಡಿಕೊಂಡ ಕಂದಕವನ್ನು.